ಮುಯ್ಯಿಯ ನ್ಯಾಯ: ಅರೆವಾಹಕ ಉದ್ಯಮದಲ್ಲಿ ಮುಕ್ತ ಸಹಯೋಗದ ಚರಿತ್ರೆ

ಜ್ಞಾನದ ಒಡೆತನ ಯಾರದು ಎಂಬುದು ಜಾನಪದ ಅಧ್ಯಯನದ ಹಳೆಯ ಪ್ರಶ್ನೆಗಳಲ್ಲೊಂದು. ಬಾಯಿಂದ ಬಾಯಿಗೆ ಸಾಗುವ ತ್ರಿಪದಿಗೆ, ಮೇಳದಿಂದ ಮೇಳಕ್ಕೆ ದಾಟುವ ಹೆಜ್ಜೆಗೆ ಒಬ್ಬನೇ ಒಡೆಯನಿಲ್ಲ. ಹಾಗೆಂದು ಅದು ನಿಯಮವಿಲ್ಲದ ಲೋಕವೂ ಅಲ್ಲ. ಒಕ್ಕಲುತನದಲ್ಲಿ ಮುಯ್ಯಾಳಿಗೆ ಬಂದವನ ಹೊಲಕ್ಕೆ ಮರಳಿ ಹೋಗಿ ದುಡಿಯಬೇಕೆಂಬುದು ಯಾವ ಕರಾರಿನಲ್ಲೂ ಬರೆದಿಲ್ಲ. ಆದರೂ ಅದನ್ನು ಮೀರಿದವನಿಗೆ ಮುಂದಿನ ಸುಗ್ಗಿಯಲ್ಲಿ ಆಳು ದೊರೆಯುವುದಿಲ್ಲ. ಇಂಥ ನ್ಯಾಯಕ್ಕೆ ತೀರ ದೂರವಾದದ್ದೆಂದು ತೋರುವ ಕ್ಷೇತ್ರ ಅರೆವಾಹಕ ಉದ್ಯಮ. ಅಲ್ಲಿನ ವಿನ್ಯಾಸಗಳು ಪೇಟೆಂಟ್, ಪರವಾನಗಿ ಮತ್ತು ಗೋಪ್ಯತಾ ಒಪ್ಪಂದಗಳ ಒಳಗೆ ಬಂದಿಯಾಗಿವೆ. ಆದರೆ ಈ ಉದ್ಯಮದ ಕಳೆದ ಅರ್ಧ ಶತಮಾನದ ಚರಿತ್ರೆಯನ್ನು ಸೂಕ್ಷ್ಮವಾಗಿ ಪರಿಶೀಲಿಸಿದರೆ ಅದರ ಅಡಿಪಾಯದಲ್ಲಿಯೇ ಹಂಚಿಕೆಯ ಒಂದು ಪರಂಪರೆ ಇರುವುದು ಕಂಡುಬರುತ್ತದೆ. ಆ ಪರಂಪರೆಯ ಮುಖ್ಯ ಘಟ್ಟಗಳನ್ನು ಗುರುತಿಸಿ, ಅದರ ಬಲ ಮತ್ತು ಮಿತಿಗಳನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಸ್ಪೈಸ್: ಕೊಟ್ಟು ಪಡೆಯುವ ರೂಢಿ

ಒಂದೇ ಸಿಲಿಕಾನ್ ಚೂರಿನ ಮೇಲೆ ಹಲವು ಟ್ರಾನ್ಸಿಸ್ಟರ್‌ಗಳನ್ನು ಮೂಡಿಸುವ ಕ್ರಮ ಬಂದ ಮೇಲೆ ವಿನ್ಯಾಸಕಾರರಿಗೆ ಒಂದು ಹೊಸ ತೊಡಕು ಎದುರಾಯಿತು. ಬಿಡಿಭಾಗಗಳನ್ನು ಹಲಗೆಯ ಮೇಲೆ ಜೋಡಿಸಿ ಪರೀಕ್ಷಿಸಿ ತಿದ್ದುವ ಹಳೆಯ ಪದ್ಧತಿ ಇಲ್ಲಿ ನಡೆಯದು. ಚಿಪ್ ತಯಾರಾಗುವ ಮುನ್ನವೇ ಅದರ ವರ್ತನೆಯನ್ನು ಗಣಿತದಿಂದ ತಿಳಿಯಬೇಕು. ಈ ಅಗತ್ಯಕ್ಕೆ ಉತ್ತರ ಹುಟ್ಟಿದ್ದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರದ ಒಂದು ತರಗತಿಯಲ್ಲಿ. 1969–70ರಲ್ಲಿ ರೊನಾಲ್ಡ್ ರೋರರ್ ಅವರ ತರಗತಿಯ ವಿದ್ಯಾರ್ಥಿಗಳು ಮಂಡಲಗಳನ್ನು ಅನುಕರಿಸುವ ಗಣಕ ಕಾರ್ಯಕ್ರಮವೊಂದನ್ನು ರಚಿಸತೊಡಗಿದರು. ಡೊನಾಲ್ಡ್ ಪೀಡರ್ಸನ್ ಅದನ್ನು ಮೆಚ್ಚಿದರೆ ಎಲ್ಲರೂ ಉತ್ತೀರ್ಣರು ಎಂಬುದೇ ಆ ತರಗತಿಯ ಪರೀಕ್ಷೆಯಾಗಿತ್ತೆಂಬ ಕಥನ ಆ ಬಳಗದಲ್ಲಿ ಇಂದಿಗೂ ಹೇಳಲ್ಪಡುತ್ತದೆ. ಆ ಕಾಲದ ಇಂಥ ಹಲವು ಕಾರ್ಯಕ್ರಮಗಳು ರಕ್ಷಣಾ ಇಲಾಖೆಯ ನೆರವಿನಿಂದ, ಅಣು ವಿಕಿರಣದ ಪರಿಣಾಮವನ್ನು ಲೆಕ್ಕಹಾಕಲು ರೂಪುಗೊಂಡಿದ್ದವು. ಬರ್ಕ್‌ಲಿಯ ವಿದ್ಯಾರ್ಥಿಗಳು ಅದನ್ನು ಬೇಕೆಂದೇ ಕೈಬಿಟ್ಟರು. ‘ವಿಕಿರಣವನ್ನು ಹೊರತುಪಡಿಸಿ’ ಎಂಬ ಅರ್ಥದ ಮಾತನ್ನು ಕಾರ್ಯಕ್ರಮದ ಹೆಸರಿನಲ್ಲಿಯೇ ಸೇರಿಸಿದರು.

ಆ ತರಗತಿಯ ವಿದ್ಯಾರ್ಥಿ ಲಾರೆನ್ಸ್ ನೇಗಲ್ ಮುಂದೆ ಪೀಡರ್ಸನ್ ಅವರ ಮಾರ್ಗದರ್ಶನದಲ್ಲಿ ಇದನ್ನು ಪುನಾರಚಿಸಿ 1973ರಲ್ಲಿ ‘ಸ್ಪೈಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. 1975ರಲ್ಲಿ ಎರಡನೆಯ ಆವೃತ್ತಿ ಬಂದಿತು. ಕಾರ್ಯಕ್ರಮವು ಸಾರ್ವಜನಿಕ ಸ್ವತ್ತಾಗಿರಬೇಕೆಂಬುದು ಪೀಡರ್ಸನ್ ಅವರ ದೃಢ ನಿಲುವು. ಕೇಳಿದ ವಿಶ್ವವಿದ್ಯಾಲಯಗಳಿಗೂ ಕಂಪನಿಗಳಿಗೂ ಅದರ ಮೂಲಪಾಠವೇ ದೊರೆಯುತ್ತಿತ್ತು. ಪಡೆದವರು ತಪ್ಪು ಕಂಡರೆ ತಿಳಿಸಬೇಕು, ಉತ್ತಮಪಡಿಸಿದರೆ ಮರಳಿಸಬೇಕು ಎಂಬುದು ನಿರೀಕ್ಷೆಯೇ ಹೊರತು ಕಾನೂನಲ್ಲ. ಇದು ಮುಯ್ಯಿಯ ನ್ಯಾಯವೇ ಆಗಿದೆ. ಕಂಪನಿಗಳು ತಮ್ಮ ಅಗತ್ಯಕ್ಕೆ ತಕ್ಕಂತೆ ಅದನ್ನು ತಿದ್ದಿಕೊಂಡವು. ಕೆಲವರು ಅದನ್ನೇ ಮಾರಾಟದ ಸರಕಾಗಿಸಿದರು. ಹೀಗೆ ಒಂದು ಮೂಲಕ್ಕೆ ಹಲವು ಪಾಠಾಂತರಗಳು ಹುಟ್ಟಿದರೂ ಅವುಗಳ ವ್ಯಾಕರಣ ಒಂದೇ ಆಗಿ ಉಳಿಯಿತು. ಒಂದು ಊರಿನ ಎಂಜಿನಿಯರ್ ಬರೆದ ಮಂಡಲದ ವಿವರಣೆಯನ್ನು ಮತ್ತೊಂದು ಖಂಡದವರು ಓದಬಲ್ಲವರಾದರು.

2. ಒಂದೇ ಆವಿಗೆಯಲ್ಲಿ ಹಲವರ ಮಡಕೆ

ವಿನ್ಯಾಸದ ಸಾಧನ ದೊರೆತರೂ ಚಿಪ್ ತಯಾರಿಕೆಯ ವೆಚ್ಚ ವಿದ್ಯಾರ್ಥಿಗಳ ಕೈಗೆಟುಕುವಂತಿರಲಿಲ್ಲ. ಈ ಗೋಡೆಯನ್ನು ಒಡೆದವರು ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯ ಕಾರ್ವರ್ ಮೀಡ್ ಮತ್ತು ಜೆರಾಕ್ಸ್‌ನ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ಲಿನ್ ಕಾನ್‌ವೇ. ವಿನ್ಯಾಸದ ತೊಡಕಿನ ನಿಯಮಗಳನ್ನು ಯಾರು ಬೇಕಾದರೂ ಕಲಿಯಬಹುದಾದಷ್ಟು ಸರಳಗೊಳಿಸಿ ಅವರು ಬರೆದ ಪಠ್ಯ 1980ರಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ, 1979ರಲ್ಲಿ, ಕಾನ್‌ವೇ ಒಂದು ಪ್ರಯೋಗ ನಡೆಸಿದರು. 12 ವಿಶ್ವವಿದ್ಯಾಲಯಗಳ 124 ವಿನ್ಯಾಸಕಾರರು ತಮ್ಮ ವಿನ್ಯಾಸಗಳನ್ನು ಅರ್ಪಾನೆಟ್ ಜಾಲದ ಮೂಲಕ ಕಳುಹಿಸಿದರು. ಅಂಥ 82 ಯೋಜನೆಗಳನ್ನು ಒಟ್ಟುಗೂಡಿಸಿ, ಸಿಲಿಕಾನ್ ಬಿಲ್ಲೆಗಳನ್ನು ಹಂಚಿಕೊಳ್ಳುವ ಕ್ರಮದಲ್ಲಿ ತಯಾರಿಸಲಾಯಿತು. ಹಲವು ಕುಂಬಾರರು ಕೂಡಿ ಒಂದೇ ಆವಿಗೆಯಲ್ಲಿ ಮಡಕೆ ಸುಟ್ಟಂತೆ ಇಲ್ಲಿ ಅಚ್ಚಿನ ವೆಚ್ಚವೂ ತಯಾರಿಕೆಯ ವೆಚ್ಚವೂ ಎಲ್ಲರಲ್ಲಿ ಹಂಚಿಹೋದವು. ಈ ಮಾದರಿಯನ್ನು ಆಧರಿಸಿ 1981ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ‘ಮೋಸಿಸ್’ ಎಂಬ ಸೇವೆ ನೆಲೆಗೊಂಡಿತು.

ಇಲ್ಲಿ ಅಂಕಿತದ ಪ್ರಶ್ನೆಯನ್ನು ಎತ್ತಲೇಬೇಕು. ಅನಾಮಿಕತೆ ಎಂದರೆ ಕರ್ತೃವಿಲ್ಲದಿರುವುದಲ್ಲ, ಕರ್ತೃ ಮರೆಗೆ ಸರಿಯುವುದು. ಯಾರ ಹೆಸರು ಮೊದಲು ಮರೆಯಾಗುತ್ತದೆ ಎಂಬುದು ಆಕಸ್ಮಿಕವೂ ಅಲ್ಲ. ಕಾನ್‌ವೇ ಅವರನ್ನು, ಲಿಂಗ ಪರಿವರ್ತನೆಯ ನಿರ್ಧಾರವನ್ನು ತಿಳಿಸಿದ ಕಾರಣಕ್ಕೆ, 1968ರಲ್ಲಿ ಐಬಿಎಂ ಕೆಲಸದಿಂದ ತೆಗೆದಿತ್ತು. ಹೊಸ ಹೆಸರಿನಲ್ಲಿ ಶೂನ್ಯದಿಂದ ವೃತ್ತಿ ಆರಂಭಿಸಿ ಅವರು ಈ ಸಾಧನೆ ಮಾಡಿದರು. ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಮಂದಿರದಲ್ಲಿ 2009ರಲ್ಲಿ ಮೀಡ್ ಅವರ ಹೆಸರು ಮಾತ್ರ ಸೇರಿತು. ಕಾನ್‌ವೇ ಅವರ ಹೆಸರು ಸೇರಿದ್ದು 2023ರಲ್ಲಿ. ಐಬಿಎಂ 2020ರಲ್ಲಿ ಕ್ಷಮೆ ಕೋರಿತು. 2024ರಲ್ಲಿ ಅವರು ನಿಧನರಾದರು. ಸಮೂಹದ ಸಾಧನೆಯನ್ನು ಕೊಂಡಾಡುವ ಚರಿತ್ರೆ ಸಮೂಹದೊಳಗಿನ ಅಸಮಾನತೆಯನ್ನು ಮರೆಮಾಚಬಾರದು ಎಂಬುದಕ್ಕೆ ಇದು ಸಾಕ್ಷಿ.

3. ರಿಸ್ಕ್-ಫೈವ್: ಛಂದಸ್ಸು ಮತ್ತು ಕಾವ್ಯ

ಪ್ರತಿಯೊಂದು ಪ್ರೊಸೆಸರ್‌ಗೂ ಅದು ಅರಿಯುವ ಆದೇಶಗಳ ಒಂದು ಪಟ್ಟಿ ಇರುತ್ತದೆ. ಅದನ್ನು ಸೂಚನಾ ಸಮುಚ್ಚಯ ಎನ್ನಬಹುದು. ಇಂಟೆಲ್ ಮತ್ತು ಆರ್ಮ್ ಕಂಪನಿಗಳ ಸಮುಚ್ಚಯಗಳು ಆಯಾ ಕಂಪನಿಗಳ ಸ್ವತ್ತು. 2010ರಲ್ಲಿ ಬರ್ಕ್‌ಲಿಯ ಕ್ರಸ್ಟೆ ಅಸಾನೊವಿಚ್, ಅವರ ವಿದ್ಯಾರ್ಥಿಗಳಾದ ಆಂಡ್ರ್ಯೂ ವಾಟರ್‌ಮನ್ ಮತ್ತು ಯುನ್ಸಪ್ ಲೀ ತಮ್ಮ ಸಂಶೋಧನೆಗಾಗಿ ಹೊಸ ಸಮುಚ್ಚಯವೊಂದನ್ನು ರೂಪಿಸಲು ತೊಡಗಿದರು. ಬೇಸಿಗೆಯ ಮೂರು ತಿಂಗಳ ಕೆಲಸವೆಂದು ಅದು ಆರಂಭವಾಯಿತು ಎಂಬುದು ಈ ಪರಂಪರೆಯ ಮೂಲಕಥೆ. ಆದರೆ ಹೆಸರೇ ಬೇರೊಂದು ವಂಶಾವಳಿಯನ್ನು ಹೇಳುತ್ತದೆ. ಡೇವಿಡ್ ಪ್ಯಾಟರ್‌ಸನ್ ಅವರ ನೇತೃತ್ವದಲ್ಲಿ 1980ರ ದಶಕದ ಆರಂಭದಲ್ಲಿ ಹುಟ್ಟಿದ ರಿಸ್ಕ್ ವಿನ್ಯಾಸಗಳ ಸಾಲಿನಲ್ಲಿ ಇದು ಐದನೆಯದು. ಅದೇ ರೋಮನ್ ಅಕ್ಷರಕ್ಕೆ ‘ವೈವಿಧ್ಯ’ ಎಂಬ ಅರ್ಥವನ್ನೂ ಅದರ ರಚನಕಾರರು ಸೂಚಿಸಿದ್ದಾರೆ.

2014ರಲ್ಲಿ ಅಸಾನೊವಿಚ್ ಮತ್ತು ಪ್ಯಾಟರ್‌ಸನ್ ಸೂಚನಾ ಸಮುಚ್ಚಯಗಳು ಮುಕ್ತವಾಗಿರಬೇಕೆಂದು ವಾದಿಸಿದರು. 2015ರಲ್ಲಿ ಇದರ ಪಾಲನೆಗೆ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. ಯಾವುದೇ ಒಂದು ದೇಶದ ವ್ಯಾಪಾರ ನಿರ್ಬಂಧಗಳಿಗೆ ಅದು ಸಿಲುಕಬಾರದೆಂಬ ಸದಸ್ಯರ ಆತಂಕದಿಂದಾಗಿ 2020ರಲ್ಲಿ ಸಂಸ್ಥೆಯ ನೋಂದಣಿಯನ್ನು ಸ್ವಿಟ್ಜರ್ಲೆಂಡ್‌ಗೆ ವರ್ಗಾಯಿಸಲಾಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸೂಚನಾ ಸಮುಚ್ಚಯ ಮುಕ್ತವಾದ ಮಾತ್ರಕ್ಕೆ ಅದನ್ನು ಅನುಸರಿಸಿದ ಎಲ್ಲ ಚಿಪ್‌ಗಳೂ ಮುಕ್ತವಾಗುವುದಿಲ್ಲ. ತ್ರಿಪದಿಯ ಛಂದಸ್ಸು ಎಲ್ಲರದು. ಅದರಲ್ಲಿ ಕಟ್ಟಿದ ಕಾವ್ಯವನ್ನು ಕವಿಯೊಬ್ಬ ತನ್ನದೆಂದು ಕಾಯ್ದುಕೊಳ್ಳಬಹುದು. ಈ ವಿವೇಚನೆ ಇಲ್ಲದೆ ರಿಸ್ಕ್-ಫೈವ್ ಕುರಿತು ಮಾಡುವ ಪ್ರಶಂಸೆ ಅರ್ಧ ಸತ್ಯವಾಗುತ್ತದೆ.

4. ಕುಲುಮೆಯ ಗುಟ್ಟು

ವಿನ್ಯಾಸವನ್ನು ಒಂದು ನಿರ್ದಿಷ್ಟ ಕಾರ್ಖಾನೆಯಲ್ಲಿ ಚಿಪ್ ಆಗಿಸಲು ಆ ಕಾರ್ಖಾನೆಯ ಅಳತೆ, ಪದರ ಮತ್ತು ಸಹನಮಿತಿಗಳ ವಿವರ ಬೇಕು. ಅದು ಬಹುಕಾಲ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ ದೊರೆಯುತ್ತಿತ್ತು. 2020ರಲ್ಲಿ ಗೂಗಲ್ ನೆರವಿನಿಂದ ಅಮೆರಿಕದ ಸ್ಕೈವಾಟರ್ ಕಂಪನಿ ತನ್ನ 130 ನ್ಯಾನೊಮೀಟರ್ ತಯಾರಿಕೆಯ ವಿವರಗಳನ್ನು ಬಹಿರಂಗಪಡಿಸಿತು. ವಿನ್ಯಾಸವನ್ನು ಮುಕ್ತವಾಗಿ ಪ್ರಕಟಿಸುವವರಿಗೆ ಉಚಿತ ತಯಾರಿಕೆಯ ಅವಕಾಶವೂ ದೊರೆಯಿತು. ಮೊದಲ ಸುತ್ತಿನಲ್ಲಿ 40 ಯೋಜನೆಗಳಿಗೆ ಸ್ಥಾನವಿತ್ತು. 1979ರ ಪ್ರಯೋಗವೇ ಮತ್ತೊಮ್ಮೆ, ಇನ್ನಷ್ಟು ವಿಶಾಲವಾಗಿ, ನಡೆದಂತಾಯಿತು.

ಆದರೆ ಈ ಸುತ್ತುಗಳನ್ನು ನಿರ್ವಹಿಸುತ್ತಿದ್ದ ಇಫ್ಯಾಬ್‌ಲೆಸ್ ಕಂಪನಿ 2025ರಲ್ಲಿ ಹಣದ ಕೊರತೆಯಿಂದ ಮುಚ್ಚಿಹೋಯಿತು. ವಿನ್ಯಾಸ ಕಳುಹಿಸಿ ಕಾದಿದ್ದವರು ಅತಂತ್ರರಾದರು. ಆದರೂ ತಯಾರಿಕೆಯ ವಿವರಗಳಾಗಲಿ ತಂತ್ರಾಂಶವಾಗಲಿ ಅದರೊಂದಿಗೆ ನಶಿಸಲಿಲ್ಲ. ಆ ಕಂಪನಿಯ ವಿನ್ಯಾಸ ತಂತ್ರಾಂಶವನ್ನು ಬಳಕೆದಾರರ ಸಮುದಾಯ ಹೊಸ ಹೆಸರಿನಲ್ಲಿ ಮುಂದುವರಿಸಿತು. ಜರ್ಮನಿಯ ಐಎಚ್‌ಪಿ ಸಂಸ್ಥೆಯ ಮುಕ್ತ ವಿವರಗಳತ್ತಲೂ ಹಲವರು ಹೊರಳಿದರು. ಆಶ್ರಯದಾತ ಹೋದರೂ ಮೇಳದ ಪಠ್ಯ ಕಲಾವಿದರ ನಾಲಗೆಯ ಮೇಲೆ ಉಳಿಯುವುದನ್ನು ಇದು ನೆನಪಿಸುತ್ತದೆ. ಪಠ್ಯ ಉಳಿದರೂ ಆಟ ಆಡಲು ರಂಗಸ್ಥಳ ಬೇಕೆಂಬುದನ್ನೂ ಇದೇ ಘಟನೆ ತಿಳಿಸಿತು.

5. ಭಾರತ ಮತ್ತು ಕರ್ನಾಟಕ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ವಿನ್ಯಾಸ ಕೇಂದ್ರವನ್ನು ಬೆಂಗಳೂರಿನಲ್ಲಿ ಆರಂಭಿಸಿತು. ಅನಂತರ ಬಂದ ಇಂಥ ಹಲವು ಕೇಂದ್ರಗಳಿಂದ ಚಿಪ್ ವಿನ್ಯಾಸದ ನುರಿತ ಬಳಗವೊಂದು ನಗರದಲ್ಲಿ ಬೆಳೆಯಿತು. ಆದರೆ ವಿನ್ಯಾಸದ ಒಡೆತನ ಮಾತೃಕಂಪನಿಗಳಲ್ಲಿಯೇ ಉಳಿಯಿತು. ಕೈ ಇಲ್ಲಿಯದು, ಕರಣೆ ಬೇರೆಯವರದು ಎಂಬ ಸ್ಥಿತಿ ಅದು.

ಮುಕ್ತ ಪರಂಪರೆ ಇದಕ್ಕೆ ಪರ್ಯಾಯವೊಂದನ್ನು ತೋರಿಸಿತು. ಮದರಾಸಿನ ಐಐಟಿಯಲ್ಲಿ ವಿ. ಕಾಮಕೋಟಿ ಅವರ ನೇತೃತ್ವದ ‘ಶಕ್ತಿ’ ಯೋಜನೆ ರಿಸ್ಕ್-ಫೈವ್ ಆಧಾರದ ಪ್ರೊಸೆಸರ್‌ಗಳನ್ನು ರೂಪಿಸಿ, ಅವುಗಳ ಮೂಲವನ್ನು ಮುಕ್ತ ಪರವಾನಗಿಯಡಿ ಪ್ರಕಟಿಸಿತು. 2018ರಲ್ಲಿ ಅದರ ಒಂದು ಚಿಪ್ ಅಮೆರಿಕದ ಇಂಟೆಲ್ ಕಾರ್ಖಾನೆಯಲ್ಲಿ ತಯಾರಾಯಿತು. 2022ರಲ್ಲಿ ಕೇಂದ್ರ ಸರ್ಕಾರ ರಿಸ್ಕ್-ಫೈವ್‌ಗೆ ಸಂಬಂಧಿಸಿದ ರಾಷ್ಟ್ರೀಯ ಕಾರ್ಯಕ್ರಮವನ್ನು ಘೋಷಿಸಿತು. 2025ರಲ್ಲಿ ಇಸ್ರೊ ಸಹಯೋಗದ ‘ಐರಿಸ್’ ಎಂಬ ಶಕ್ತಿ ಚಿಪ್ ಪ್ರಕಟವಾಯಿತು. ವಿನ್ಯಾಸ ಮದರಾಸಿನಲ್ಲಿ, ತಯಾರಿಕೆ ಚಂಡೀಗಡದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ, ಕವಚದ ಜೋಡಣೆ ಕರ್ನಾಟಕದ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್‌ನಲ್ಲಿ ನಡೆದವು. ಬರ್ಕ್‌ಲಿಯಲ್ಲಿ ರೂಪುಗೊಂಡ ಛಂದಸ್ಸಿಗೆ ಇಲ್ಲಿಯವರೇ ಕಟ್ಟಿದ ಪದ ಇದಾಗಿದೆ.

ಉಪಸಂಹಾರ

ಮೇಲಿನ ಚರಿತ್ರೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅರೆವಾಹಕ ಉದ್ಯಮದಲ್ಲಿ ಮುಕ್ತ ಸಹಯೋಗ ಇತ್ತೀಚಿನ ಅತಿಥಿಯಲ್ಲ. ಇಂದಿನ ಖಾಸಗಿ ಸ್ವಾಮ್ಯದ ಸೌಧಗಳ ಕೆಳಗೂ ಅದರ ಕಲ್ಲುಗಳಿವೆ. ಎರಡನೆಯದಾಗಿ, ಪದಕ್ಕೆ ಗಾಳಿ ಸಾಕು, ಚಿಪ್‌ಗೆ ಕುಲುಮೆ ಬೇಕು. ಆದ್ದರಿಂದ ಮೌಖಿಕ ಪರಂಪರೆಯ ಸ್ವಾತಂತ್ರ್ಯ ಯಂತ್ರಾಂಶಕ್ಕೆ ಪೂರ್ಣವಾಗಿ ಒದಗುವುದಿಲ್ಲ. ಕುಲುಮೆಯ ಒಡೆಯನ ಇಚ್ಛೆಗೆ ಅದು ಅಧೀನವಾಗಿಯೇ ಇರುತ್ತದೆ. ಮೂರನೆಯದಾಗಿ, ಪಡೆದವರು ಮರಳಿಸಿದಾಗ ಮಾತ್ರ ಹಂಚಿಕೆ ಬಾಳುತ್ತದೆ. ಸ್ಪೈಸ್ ಬೆಳೆದದ್ದು ಹಾಗೆ. ರಿಸ್ಕ್-ಫೈವ್‌ನಿಂದ ಲಾಭ ಪಡೆಯುತ್ತಿರುವ ದೇಶಗಳು ಮತ್ತು ಕಂಪನಿಗಳು ಎಷ್ಟನ್ನು ಮರಳಿಸುತ್ತವೆ ಎಂಬುದರ ಮೇಲೆ ಈ ಪರಂಪರೆಯ ಮುಂದಿನ ಅಧ್ಯಾಯ ನಿಂತಿದೆ. ಭಾರತವೂ ಆ ಮುಯ್ಯಿಯ ಋಣದಿಂದ ಹೊರತಲ್ಲ.