ಬಾಗಲೂರಿನ ಕೋಟೆ ಬಾಗಿಲು

ತಳಿಯಿಂದ ಹೊಸೂರಿಗೆ ಒಂದು ಬಸ್ಸು, ಅಲ್ಲಿಂದ ಬಾಗಲೂರಿಗೆ ಇನ್ನೊಂದು. ಮೇಷ್ಟರಾಗಿದ್ದ ಕಾಲದಲ್ಲಿ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದೆನೋ. ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸ ಓದಿದ ಮೇಲೆ ಮಾತ್ರ ಬಾಗಲೂರಲ್ಲಿ ಇಳಿದಾಗಲೆಲ್ಲ ಕಾಲು ತಡೆಯುತ್ತದೆ.

1768ರ ನವೆಂಬರ್. ಹೈದರ್ ಹೊಸೂರಿಗೆ ಮುತ್ತಿಗೆ ಹಾಕಿದ್ದ. ಕುಂಪಣಿಯ ಕರ್ನಲ್ ವುಡ್ ತನ್ನ ಸರಂಜಾಮನ್ನೂ ಎರಡು ಭಾರಿ ತೋಪುಗಳನ್ನೂ ಬಾಗಲೂರಲ್ಲಿ ಬಿಟ್ಟು ಹೊಸೂರಿನ ನೆರವಿಗೆ ಹೋದ. ಅವನು ಅತ್ತ ಹೋದದ್ದೇ ತಡ, ಹೈದರ್ ಇತ್ತ ಬಾಗಲೂರು ಪೇಟೆಗೆ ನುಗ್ಗಿದ. ಕೋಟೆಯವರು ಬಾಗಿಲು ಹಾಕಿಕೊಂಡರು. ದಂಡಿನ ಹಿಂದೆ ಬಂದಿದ್ದ ಹೆಂಗಸರು, ಮಕ್ಕಳು, ಎತ್ತುಗಳು ಎಲ್ಲ ಆ ಬಾಗಿಲಿಗೇ ಒತ್ತಿದವು. ಅಲ್ಲಿ ಸತ್ತವರು ಸಿಪಾಯಿಗಳಲ್ಲ, ತುಳಿತಕ್ಕೆ ಸಿಕ್ಕವರು. ತೋಪುಗಳು ಹೈದರನ ಪಾಲಾದವು.

ಆಗ ಮಾರ್ಕ್ ವಿಲ್ಕ್ಸ್ ಐಲ್ ಆಫ್ ಮ್ಯಾನ್ ದ್ವೀಪದ ಸಣ್ಣ ಹುಡುಗ. ಮುಂದೆ ಮದ್ರಾಸ್ ಸೈನ್ಯ ಸೇರಿ, ಟಿಪ್ಪುವಿನ ಮೇಲಿನ ಯುದ್ಧದಲ್ಲಿದ್ದು, 1803ರಿಂದ 1808ರವರೆಗೆ ಮೈಸೂರಿನ ರೆಸಿಡೆಂಟ್ ಆದ. ಇತಿಹಾಸಕಾರನಾದದ್ದು ಅಲ್ಲೇ. ಹೈದರನ ಲೆಕ್ಕಪತ್ರ ನೋಡಿದ್ದ ಪೂರ್ಣಯ್ಯ ಆಗಿನ ದಿವಾನ. ಗೆದ್ದ ಕಡೆಯ ಸೈನ್ಯಾಧಿಕಾರಿ ಸೋತ ಕಡೆಯ ಮಂತ್ರಿಯನ್ನು ಕೇಳಿ ಕೇಳಿ ಬರೆದುಕೊಂಡ. ಟಿಪ್ಪುವಿನ ಬಗ್ಗೆ ಅವನ ಮಾತು ನಂಜು. ಅದನ್ನು ನಾನು ಒಪ್ಪುವುದಿಲ್ಲ. ಆದರೆ ತನ್ನವರ ತಪ್ಪನ್ನೂ ಅವನು ಮುಚ್ಚಿಡಲಿಲ್ಲ. ಅವನ ಟೀಕೆಯಿಂದ ವುಡ್ ಬಚಾವಾಗಲಿಲ್ಲ.

ಆ ಇತಿಹಾಸದ ಮೊದಲ ಸಂಪುಟ 1810ರಲ್ಲಿ ಬಂತು, ಉಳಿದೆರಡು 1817ರಲ್ಲಿ. ನಡುವೆ ಸೇಂಟ್ ಹೆಲೆನಾ ದ್ವೀಪದ ಗವರ್ನರಿಕೆ. 1815ರಲ್ಲಿ ನೆಪೋಲಿಯನ್ ಸೆರೆಯಾಗಿ ಬಂದಿಳಿದಾಗ ಅಲ್ಲಿ ಕೂತಿದ್ದವನು ನಮ್ಮ ಹೊಸೂರು ಸೀಮೆಯ ಕಥೆ ಬರೆದ ಇದೇ ವಿಲ್ಕ್ಸ್! ತಮಾಷೆಯೆಂದರೆ, ಅವನಿಗಿಂತ ಮುಂಚಿನ ಗವರ್ನರ್ ಬೀಟ್ಸನ್ ಕೂಡ ಸೈನಿಕನೇ, 1799ರ ಶ್ರೀರಂಗಪಟ್ಟಣದ ಯುದ್ಧದ ಬಗ್ಗೆ ಪುಸ್ತಕ ಬರೆದವನೇ.

ನನಗೆ ಹಿಡಿಸಿದ್ದು ಯುದ್ಧದ ಪುಟಗಳಿಗಿಂತ ಮೊದಲ ಸಂಪುಟದ ಒಂದು ಅಧ್ಯಾಯ. ಈ ದೇಶದಲ್ಲಿ ನೆಲವೆಲ್ಲ ರಾಜನದೇ ಎನ್ನುವ ಮಾತನ್ನು ವಿಲ್ಕ್ಸ್ ಅಲ್ಲಿ ಅಲ್ಲಗಳೆಯುತ್ತಾನೆ. ರೈತನಿಗೆ ಮಣ್ಣಿನ ಮೇಲೆ ಹಕ್ಕಿತ್ತೆಂದು ಪಟ್ಟು ಹಿಡಿದು ವಾದಿಸುತ್ತಾನೆ. ಅದಕ್ಕೂ ಮೊದಲೇ, ಟಿಪ್ಪುವಿನ ಜೊತೆಗಿನ 1792ರ ಒಪ್ಪಂದದಲ್ಲಿ ಬಾರಾಮಹಲ್ ಸೀಮೆ ಕುಂಪಣಿಗೆ ಸೇರಿದಾಗ, ಕೃಷ್ಣಗಿರಿ ಕಡೆ ಹೊಲ ಅಳೆಸಿ ಕಂದಾಯ ಕಟ್ಟಿದವರೂ ಸೈನ್ಯದವರೇ, ರೀಡ್ ಮತ್ತು ಮನ್ರೋ.

ಆ ಅಧ್ಯಾಯ ಓದಿದ ರಾತ್ರಿ ಟ್ರಂಕಿನಿಂದ ತಾತನ ಕಾಲದ ಪಟ್ಟಾ ತೆಗೆದೆ. ಮಡಿಕೆಯಲ್ಲೇ ಹರಿದಿತ್ತು. ಒಳಗೆ ಒಂದು ಒಣಗಿದ ರಾಗಿ ತೆನೆ.