ನೈಜ-ಸಮಯ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಕಾರ್ಯಗಳ ವೇಳಾನಿಗದಿ ಮತ್ತು ಸಮಾಂತರತೆ

ಫಲಿತಾಂಶವು ಸರಿಯಾಗಿರುವುದರ ಜೊತೆಗೆ ನಿಗದಿತ ಗಡುವಿನೊಳಗೆ ದೊರೆಯಲೇಬೇಕಾದ ವ್ಯವಸ್ಥೆಗಳನ್ನು ನೈಜ-ಸಮಯ ವ್ಯವಸ್ಥೆಗಳು ಎನ್ನುತ್ತಾರೆ. ಇವುಗಳ ತಂತ್ರಾಂಶವು ಸಾಮಾನ್ಯವಾಗಿ ಹಲವು ಕಾರ್ಯಗಳಾಗಿ (ಟಾಸ್ಕ್) ವಿಭಜನೆಗೊಂಡಿರುತ್ತದೆ. ಯಾವ ಕಾರ್ಯವು ಯಾವಾಗ ಪ್ರೊಸೆಸರ್ ಬಳಸಬೇಕೆಂಬ ನಿರ್ಧಾರವೇ ವೇಳಾನಿಗದಿ. ಇಲ್ಲಿ ಸರಾಸರಿ ವೇಗಕ್ಕಿಂತ ಗಡುವು ತಪ್ಪದೆಂಬ ಖಚಿತತೆಯೇ ಮುಖ್ಯ.

ಕರ್ನಾಟಕದ ಉದಾಹರಣೆ

ಬೆಂಗಳೂರಿನಲ್ಲಿ ಅಭಿವೃದ್ಧಿಗೊಂಡ ತೇಜಸ್ ಲಘು ಯುದ್ಧವಿಮಾನವು 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿತು. ಚುರುಕಾಗಿ ತಿರುಗಲೆಂದು ಇದನ್ನು ಸ್ವಭಾವತಃ ಅಸ್ಥಿರವಾಗಿಯೇ ವಿನ್ಯಾಸಗೊಳಿಸಲಾಗಿದೆ. ಆದ್ದರಿಂದ ಹಾರಾಟ ನಿಯಂತ್ರಣ ಕಂಪ್ಯೂಟರ್ ನಿರಂತರವಾಗಿ ಲೆಕ್ಕ ಹಾಕಿ ವಿಮಾನದ ನಿಯಂತ್ರಣ ಫಲಕಗಳಿಗೆ ಆದೇಶ ನೀಡುತ್ತಿರಬೇಕು. ಆದೇಶ ತಡವಾದರೆ ವಿಮಾನವು ಹತೋಟಿ ತಪ್ಪಬಹುದು. ಈ ತಂತ್ರಾಂಶವನ್ನು ಅಡಾ ಭಾಷೆಯಲ್ಲಿ ರಚಿಸಲಾಗಿದೆ. ನಿಯಂತ್ರಣ ವ್ಯವಸ್ಥೆಯಲ್ಲಿ ನಾಲ್ಕು ಸಮಾಂತರ ವಾಹಿನಿಗಳಿದ್ದು, ಒಂದು ಕೆಟ್ಟರೂ ಉಳಿದವು ಕೆಲಸ ಮುಂದುವರಿಸುತ್ತವೆ. ಇಲ್ಲಿ ಸಮಾಂತರತೆಯ ಉದ್ದೇಶ ವೇಗವಲ್ಲ, ಸುರಕ್ಷತೆ.

ವೇಳಾನಿಗದಿಯ ವಿಧಾನಗಳು

1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಎರಡು ಪ್ರಮುಖ ವಿಧಾನಗಳನ್ನು ವಿಶ್ಲೇಷಿಸಿದರು.

ಸ್ಥಿರ ಆದ್ಯತೆ: ಹೆಚ್ಚು ಬಾರಿ ಪುನರಾವರ್ತನೆಯಾಗುವ ಕಾರ್ಯಕ್ಕೆ ಹೆಚ್ಚಿನ ಆದ್ಯತೆ ದೊರೆಯುತ್ತದೆ. ಪರಸ್ಪರ ಅವಲಂಬಿಸದ ಮೂರು ಆವರ್ತಕ ಕಾರ್ಯಗಳು ಒಂದೇ ಪ್ರೊಸೆಸರ್‌ನ ಸುಮಾರು 78%ನ್ನು ಮೀರದಿದ್ದರೆ ಯಾವುದೇ ಗಡುವು ತಪ್ಪುವುದಿಲ್ಲ. ಕಾರ್ಯಗಳ ಸಂಖ್ಯೆ ಹೆಚ್ಚಿದಂತೆ ಈ ಮಿತಿ 69%ರ ಸಮೀಪಕ್ಕೆ ಇಳಿಯುತ್ತದೆ.

ಸಮೀಪದ ಗಡುವಿಗೆ ಮೊದಲ ಆದ್ಯತೆ: ಇದರಲ್ಲಿ ಆದ್ಯತೆಯು ಕಾಲಕಾಲಕ್ಕೆ ಬದಲಾಗುತ್ತದೆ. ಸೈದ್ಧಾಂತಿಕವಾಗಿ 100% ಬಳಕೆ ಸಾಧ್ಯ.

ಉದಾಹರಣೆಗೆ, 10, 20 ಮತ್ತು 40 ಮಿಲಿಸೆಕೆಂಡಿಗೊಮ್ಮೆ ನಡೆಯುವ ಮೂರು ಕಾರ್ಯಗಳಿಗೆ ಕ್ರಮವಾಗಿ 3, 5 ಮತ್ತು 4 ಮಿಲಿಸೆಕೆಂಡ್ ಬೇಕೆಂದು ಭಾವಿಸಿದರೆ, ಒಟ್ಟು ಬಳಕೆ 30% + 25% + 10% = 65%. ಇದು 78%ಕ್ಕಿಂತ ಕಡಿಮೆಯಿರುವುದರಿಂದ ಎಲ್ಲ ಗಡುವುಗಳೂ ಪಾಲನೆಯಾಗುತ್ತವೆ.

ಆದ್ಯತೆಯ ವಿಲೋಮ

ಕಾರ್ಯಗಳು ಸಂಪನ್ಮೂಲವನ್ನು ಹಂಚಿಕೊಂಡಾಗ ಮೇಲಿನ ಲೆಕ್ಕವೊಂದೇ ಸಾಲದು. ಕೆಳ ಆದ್ಯತೆಯ ಕಾರ್ಯವು ಹಿಡಿದಿಟ್ಟ ಸಂಪನ್ಮೂಲಕ್ಕಾಗಿ ಮೇಲಿನದು ಕಾಯುತ್ತಿರುವಾಗ, ಮಧ್ಯಮ ಆದ್ಯತೆಯ ಕಾರ್ಯವು ನಡುವೆ ನುಗ್ಗಬಹುದು. 1997ರಲ್ಲಿ ಮಂಗಳ ಗ್ರಹದ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಇದೇ ಕಾರಣದಿಂದ ಪದೇಪದೇ ಮರುಪ್ರಾರಂಭವಾಗುತ್ತಿತ್ತು. ಸಂಪನ್ಮೂಲ ಹಿಡಿದಿರುವ ಕಾರ್ಯಕ್ಕೆ ತಾತ್ಕಾಲಿಕವಾಗಿ ಮೇಲಿನ ಆದ್ಯತೆ ನೀಡುವ ವ್ಯವಸ್ಥೆಯನ್ನು ಭೂಮಿಯಿಂದಲೇ ಸಕ್ರಿಯಗೊಳಿಸಿ ದೋಷವನ್ನು ಸರಿಪಡಿಸಲಾಯಿತು.

ಭಾಷೆಗಳ ಪಾತ್ರ

ಸಿ ಭಾಷೆಯಲ್ಲಿ ಬರೆದ ತಂತ್ರಾಂಶವು ವೇಳಾನಿಗದಿಗಾಗಿ ಸಾಮಾನ್ಯವಾಗಿ ಕಾರ್ಯಾಚರಣಾ ವ್ಯವಸ್ಥೆಯನ್ನು ಅವಲಂಬಿಸುತ್ತದೆ. ಅಡಾ ಭಾಷೆಯಲ್ಲಿ 1983ರ ಆವೃತ್ತಿಯಿಂದಲೇ ಕಾರ್ಯವು ಭಾಷೆಯ ಅಂಗವಾಗಿದೆ. 1995ರ ಆವೃತ್ತಿಯು ಹಂಚಿಕೆಯ ದತ್ತಾಂಶವನ್ನು ಕಾಯುವ ಸಂರಕ್ಷಿತ ಘಟಕಗಳನ್ನು ಸೇರಿಸಿತು. ರೇವನ್ಸ್‌ಕಾರ್ ಎಂಬ ನಿರ್ಬಂಧಿತ ರೂಪವು ಕಾರ್ಯಗಳ ಬಳಕೆಯನ್ನು ಸರಳಗೊಳಿಸಿ, ಸಮಯದ ವಿಶ್ಲೇಷಣೆಯನ್ನು ಸುಲಭಗೊಳಿಸುತ್ತದೆ.

ಬಹುಕೋರ್ ಪ್ರೊಸೆಸರ್‌ಗಳು

ಒಂದೇ ಕೋರ್‌ನಲ್ಲಿ ಕಾರ್ಯಗಳು ಸರದಿಯಂತೆ ನಡೆದರೆ, ಬಹುಕೋರ್‌ನಲ್ಲಿ ನಿಜವಾಗಿಯೂ ಏಕಕಾಲಕ್ಕೆ ನಡೆಯುತ್ತವೆ. ಆದರೆ ಕೋರ್‌ಗಳು ಸ್ಮರಣೆಯನ್ನು ಹಂಚಿಕೊಳ್ಳುವುದರಿಂದ ಒಂದರ ಕೆಲಸವು ಮತ್ತೊಂದನ್ನು ತಡಮಾಡಬಹುದು. ಹೀಗಾಗಿ ಕೋರ್‌ಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಗಡುವಿನ ಖಾತರಿ ದೊರೆಯುವುದಿಲ್ಲ. ಪ್ರತಿ ಕಾರ್ಯದ ಗರಿಷ್ಠ ಅವಧಿಯನ್ನು ಈ ತಡವನ್ನೂ ಸೇರಿಸಿ ಅಂದಾಜಿಸಬೇಕಾಗುತ್ತದೆ.