ಬೈಸಾಖಿ: ಗೋಧಿಯ ಸುಗ್ಗಿ, ಜಾತಿಯ ಪ್ರಶ್ನೆ

ಬೈಸಾಖಿ ಅಂದ ಕೂಡಲೇ ನಮಗೆ ನೆನಪಾಗೋದು ಸಿನಿಮಾದ ಭಾಂಗ್ರಾ, ಡೋಲು, ಬಣ್ಣದ ಪೇಟ. ಅದು ಸುಳ್ಳೇನಲ್ಲ. ಏಪ್ರಿಲ್ 13 ಅಥವಾ 14ರ ಹೊತ್ತಿಗೆ ಪಂಜಾಬಿನಲ್ಲಿ ಗೋಧಿ ಕಟಾವಿಗೆ ಬಂದಿರುತ್ತೆ, ತಿಂಗಳುಗಟ್ಟಲೆ ದುಡಿಮೆ ಮಂಡಿಗೆ ಹೊರಡುವ ಕಾಲ. ಆದರೆ ಸಿಖ್ಖರಿಗೆ ಇದು ಬರೀ ಸುಗ್ಗಿಯಲ್ಲ. ನನ್ನ ಪ್ರಕಾರ ಈ ಹಬ್ಬದ ಜೀವ ಇರೋದು ಜಾತಿಯ ವಿರುದ್ಧ ತೆಗೆದುಕೊಂಡ ನಿಲುವಿನಲ್ಲಿ.

1699ರ ಬೈಸಾಖಿಯಂದು ಆನಂದಪುರ ಸಾಹಿಬ್‌ನಲ್ಲಿ ಹತ್ತನೇ ಗುರು ಗೋಬಿಂದ್ ಸಿಂಗ್ ಖಾಲ್ಸಾ ಪಂಥ ಕಟ್ಟಿದರು. ಕತ್ತಿ ಹಿರಿದು, ತಲೆ ಕೊಡುವವರು ಯಾರಿದ್ದೀರಿ ಅಂತ ಗುರು ಕೇಳಿದಾಗ ಐವರು ಎದ್ದು ಬಂದರು ಅನ್ನುತ್ತದೆ ಸಿಖ್ ಪರಂಪರೆ. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವ, ದ್ವಾರಕೆಯ ದರ್ಜಿ. ಐದನೆಯವರು ನಮ್ಮ ಬೀದರಿನ ಕ್ಷೌರಿಕ, ಮುಂದೆ ಭಾಯಿ ಸಾಹಿಬ್ ಸಿಂಗ್ ಆದವರು. ಐವರಿಗೂ ಒಂದೇ ಬಟ್ಟಲಿನಿಂದ ಅಮೃತ ಕೊಟ್ಟ ಗುರು, ಆಮೇಲೆ ಅವರಿಂದಲೇ ತಾವೂ ದೀಕ್ಷೆ ಪಡೆದರು. ಖಾಲ್ಸಾದಲ್ಲಿ ಜಾತಿ ಹೇಳುವ ಹೆಸರಿಲ್ಲ: ಗಂಡಸರು ಸಿಂಗ್, ಹೆಂಗಸರು ಕೌರ್.

ಇವತ್ತಿನ ಆಚರಣೆಯಲ್ಲೂ ಇದೇ ಅರ್ಥ ಇದೆ. ಗುರುದ್ವಾರಗಳಲ್ಲಿ ಕೀರ್ತನೆ ನಡೆಯುತ್ತೆ, ನಿಶಾನ್ ಸಾಹಿಬ್ ಧ್ವಜಕ್ಕೆ ಹೊಸ ಬಟ್ಟೆ ಸುತ್ತುತ್ತಾರೆ. ಬತ್ತಾಸು ಹಾಕಿದ ನೀರನ್ನು ಖಂಡಾ ಎಂಬ ಇಬ್ಬಾಯಿ ಕತ್ತಿಯಿಂದ ಕಲಕಿ, ದೀಕ್ಷೆ ಬಯಸಿದವರಿಗೆ ಕುಡಿಸುತ್ತಾರೆ. ನಗರ ಕೀರ್ತನ ಮೆರವಣಿಗೆಯಲ್ಲಿ ಗುರು ಗ್ರಂಥ ಸಾಹಿಬ್‌ನ ಮುಂದೆ ‘ಪಂಜ್ ಪ್ಯಾರೆ’ಯರಾಗಿ ಐವರು ನಡೆಯುತ್ತಾರೆ. ಕೊನೆಗೆ ಲಂಗರ್: ಎಲ್ಲರೂ ನೆಲದ ಮೇಲೆ, ಒಂದೇ ಸಾಲಿನಲ್ಲಿ. ಪಂಕ್ತಿಭೇದ ನೋಡಿ ಬೆಳೆದ ನಮಗೆ ಇದರ ತೂಕ ಬೇಗ ಗೊತ್ತಾಗುತ್ತೆ. ಈ ದಿನಕ್ಕೆ ಶೋಕವೂ ಅಂಟಿಕೊಂಡಿದೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿದ್ದು ಬೈಸಾಖಿಯ ದಿನವೇ.

ಹಾಗಾದ್ರೆ ಪಂಜಾಬಿನಲ್ಲಿ ಜಾತಿ ಹೋಯಿತಾ? ಇಲ್ಲ. 2011ರ ಜನಗಣತಿಯಂತೆ ಅಲ್ಲಿ ಸುಮಾರು 32% ಜನ ಪರಿಶಿಷ್ಟ ಜಾತಿಯವರು, ರಾಜ್ಯಗಳ ಪೈಕಿ ಅತಿ ಹೆಚ್ಚು. ಆದರೂ ಎಷ್ಟೋ ಹಳ್ಳಿಗಳಲ್ಲಿ ಗುರುದ್ವಾರ ಬೇರೆ, ಸ್ಮಶಾನವೂ ಬೇರೆ. ಹಳ್ಳಿಯ ಸಾಮೂಹಿಕ ಸಾಗುವಳಿ ಜಮೀನಿನ ಮೂರನೇ ಒಂದು ಭಾಗವನ್ನು ದಲಿತರಿಗೇ ಗುತ್ತಿಗೆ ಕೊಡಬೇಕು ಅಂತ ನಿಯಮವಿದೆ. ಅದನ್ನು ಪಡೆಯೋಕೆ ಸಂಗ್ರೂರಿನಂಥ ಕಡೆ ಹೋರಾಟ ಮಾಡಬೇಕಾಗಿದೆ.

ಹಾಗಂತ ಹಬ್ಬವೇ ಬೂಟಾಟಿಕೆ ಅಂತ ನಾನು ಹೇಳಲ್ಲ. ಲಂಗರ್‌ನಲ್ಲಿ ಒಪ್ಪಿಕೊಂಡ ಸಮಾನತೆಯನ್ನು ಆ ಗೋಧಿ ಬೆಳೆಯುವ ಹೊಲದಲ್ಲೂ ಕೊಡಿ ಅಂತ ಕೇಳುವವರಿಗೆ, 1699ಕ್ಕಿಂತ ಗಟ್ಟಿ ವಾದ ಬೇರೆ ಬೇಕಿಲ್ಲ.